ಹೂಳಿನಲ್ಲಿ ಸೀಸ ಜಾಸ್ತಿ ಬಂತೇ? ಫ್ಲೇಮ್ ಎಎಎಸ್ ರೀಡಿಂಗ್ ದಾರಿ ತಪ್ಪಿದಾಗ ಹುಡುಕುವ ಬಗೆ

"ಸರ, ಮಷಿನ್ ಕೆಟ್ಟೈತೋ, ಕೆರೀನ ಕೆಟ್ಟೈತೋ ತಿಳೀವಲ್ದು ನೋಡ್ರಿ."

ಹೀಗೆಂದು ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ಪ್ರಿಂಟ್‌ಔಟ್ ತಂದು ನನ್ನ ಮೇಜಿನ ಮೇಲಿಟ್ಟಳು. ಹುಬ್ಬಳ್ಳಿ-ಧಾರವಾಡದ ಸುತ್ತಲಿನ ಕೆರೆಗಳ ಹೂಳು, ಒಟ್ಟು ಹನ್ನೆರಡು ಮಾದರಿ. ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ಸತು, ತಾಮ್ರ ಐದನ್ನೂ ಫ್ಲೇಮ್ ಎಎಎಸ್‌ನಲ್ಲಿ (ಜ್ವಾಲೆಯಲ್ಲಿ ಲೋಹದ ಪರಮಾಣು ಎಷ್ಟು ಬೆಳಕು ಹೀರುತ್ತದೆಂದು ನೋಡಿ ಲೋಹ ಅಳೆಯುವ ಯಂತ್ರ) ಓಡಿಸಿದ್ದಳು. ಸೀಸ ಎಲ್ಲದರಲ್ಲೂ ಕೆ.ಜಿ.ಗೆ 130ರಿಂದ 170 ಮಿ.ಗ್ರಾಂ. ಊರ ಗಟಾರ ಬಂದು ಬೀಳುವ ಕೆರೆಯಲ್ಲೂ ಅಷ್ಟೇ, ಸುತ್ತ ಹೊಲ ಬಿಟ್ಟರೆ ಏನೂ ಇಲ್ಲದ ಹಳ್ಳಿ ಕೆರೆಯಲ್ಲೂ ಅಷ್ಟೇ. ಕ್ಯಾಡ್ಮಿಯಂ ಎಲ್ಲ ಕಡೆ 2-3. ಕ್ರೋಮಿಯಂಗೆ ಸ್ಪೈಕ್ (ಪ್ರಮಾಣ ಗೊತ್ತಿರುವ ಲೋಹವನ್ನು ನಾವೇ ಬೆರೆಸುವುದು) ಹಾಕಿದರೆ ಹಾಕಿದ್ದರಲ್ಲಿ ಶೇ 60 ಮಾತ್ರ ವಾಪಸ್. ಕೆರೆಗಳ ಹೆಸರು ಹೇಳುವುದಿಲ್ಲ. ಆ ಅಂಕಿಗಳು ಸುಳ್ಳೆಂದು ಆಮೇಲೆ ಗೊತ್ತಾಯಿತು, ಸುಮ್ಮನೆ ಕೆರೆಗೆ ಕೆಟ್ಟ ಹೆಸರು ಯಾಕೆ.

ಒಂದೇ ಪ್ರಿಂಟ್‌ಔಟ್‌ನಲ್ಲಿ ಮೂರು ಬೇರೆ ಬೇರೆ ದೋಷ ಸೇರಿಕೊಂಡಿದ್ದವು. ಅವನ್ನು ಬಿಡಿಸಲು ಮೂರು ದಿನ ಹಿಡಿಯಿತು. ಹೂಳು ಹಿಡಿದುಕೊಂಡು ಬರುವ ಪ್ರತಿ ಬ್ಯಾಚಿನ ಹುಡುಗರೂ ಇದೇ ಗುಂಡಿಗಳಲ್ಲಿ ಬೀಳುವುದರಿಂದ, ನಾವು ಹುಡುಕಿದ ದಾರಿಯನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ಯಂತ್ರ, ಮಾದರಿ ಎರಡನ್ನೂ ಬೇರೆ ಮಾಡಿ

ರೀಡಿಂಗ್ ವಿಚಿತ್ರ ಬಂದ ಕೂಡಲೇ ಲ್ಯಾಂಪ್ ಬಿಚ್ಚುವುದು, ಗ್ಯಾಸ್ ಏರಿಳಿಸುವುದು, ಬರ್ನರ್ ಅಲುಗಾಡಿಸುವುದು ಮಾಡಿದರೆ ಸರಿ ಇದ್ದದ್ದೂ ಕೆಡುತ್ತದೆ. ಮೊದಲ ಕೆಲಸ ಒಂದೇ: ತಾಮ್ರದ ಲ್ಯಾಂಪ್ ಹಾಕಿ, 324.8 ನ್ಯಾನೊಮೀಟರ್‌ಗೆ ನಿಲ್ಲಿಸಿ, ತಾಮ್ರದ ಸ್ಟ್ಯಾಂಡರ್ಡ್ (ಸಾಂದ್ರತೆ ಮೊದಲೇ ಗೊತ್ತಿರುವ ದ್ರಾವಣ) ಎಳೆಸಿ. ಎಷ್ಟು ಸಾಂದ್ರತೆಗೆ ಎಷ್ಟು ಅಬ್ಸಾರ್ಬೆನ್ಸ್ (ಬೆಳಕು ಹೀರಿದ ಅಳತೆ) ಬರಬೇಕೆಂದು ಯಂತ್ರದ ಜೊತೆ ಬಂದ ಪುಸ್ತಕದಲ್ಲಿ ಇರುತ್ತದೆ. ಅದರ ಆಸುಪಾಸು ಬಂದರೆ ಯಂತ್ರದಿಂದ ಕೈ ತೆಗೆಯಿರಿ, ದೋಷ ನಿಮ್ಮ ಬೀಕರಿನಲ್ಲಿದೆ. ತಾಮ್ರವನ್ನೇ ಏಕೆ ಹಿಡಿಯುತ್ತೇನೆಂದರೆ ಅದು ಜ್ವಾಲೆಯಲ್ಲಿ ಹೆಚ್ಚು ಹಟ ಮಾಡದ ಲೋಹ. ಬರ್ನರ್ ಎತ್ತರ, ಗ್ಯಾಸಿನ ಪ್ರಮಾಣ ತುಸು ಹೆಚ್ಚುಕಡಿಮೆಯಾದರೂ ತಡೆದುಕೊಳ್ಳುತ್ತದೆ. ಕ್ರೋಮಿಯಂ ಇಟ್ಟುಕೊಂಡು ಯಂತ್ರ ಪರೀಕ್ಷಿಸಲು ಹೋದರೆ ಎರಡು ಗೊಂದಲ ಒಟ್ಟಿಗೆ ಮೈಮೇಲೆ ಬರುತ್ತವೆ.

ತಾಮ್ರದ ಸ್ಟ್ಯಾಂಡರ್ಡೇ ಕಡಿಮೆ ಬಂದರೆ ಹತ್ತರಲ್ಲಿ ಎಂಟು ಸಲ ಕಾರಣ ನೆಬ್ಯುಲೈಸರ್ (ದ್ರಾವಣ ಎಳೆದು ತುಂತುರು ಮಾಡುವ ಭಾಗ) ಇಲ್ಲವೇ ಬರ್ನರ್. 10 ಮಿ.ಲೀ. ಅಳತೆ ಜಾಡಿಯಲ್ಲಿ ನೀರು ತುಂಬಿ ಕ್ಯಾಪಿಲರಿ (ದ್ರಾವಣ ಎಳೆಯುವ ಸಣ್ಣ ನಳಿಗೆ) ಅದ್ದಿ, ಕೈಗಡಿಯಾರ ನೋಡಿ. ಎರಡು ನಿಮಿಷದಲ್ಲಿ ಖಾಲಿಯಾದರೆ ನಿಮಿಷಕ್ಕೆ 5 ಮಿ.ಲೀ., ಒಳ್ಳೆಯ ಲೆಕ್ಕ. ನಾಲ್ಕು ನಿಮಿಷ ಹಿಡಿದರೆ ಒಳಗೆ ಏನೋ ಸಿಕ್ಕಿಕೊಂಡಿದೆ. ಹೂಳಿನ ದ್ರಾವಣದಲ್ಲಿ ಆಮ್ಲಕ್ಕೆ ಕರಗದ ಸಿಲಿಕದ ನುಣ್ಣನೆ ಪುಡಿ ತೇಲುತ್ತಿರುತ್ತದೆ, ಅದೇ ಕ್ಯಾಪಿಲರಿಯ ಶತ್ರು. ಜ್ವಾಲೆ ಆರಿಸಿ, ಯಂತ್ರದ ಜೊತೆ ಕೊಟ್ಟ ತಂತಿಯಿಂದ ಸರಿಪಡಿಸಿ. ಗುಂಡುಸೂಜಿ ತೂರಿಸಿ ನೆಬ್ಯುಲೈಸರಿನ ಬಾಯಿ ಅಗಲ ಮಾಡಿದವರನ್ನು ನೋಡಿದ್ದೇನೆ. ಹೊಸದು ತರಿಸುವ ತನಕ ಆ ಲ್ಯಾಬಿನಲ್ಲಿ ಯಾವ ರೀಡಿಂಗೂ ನಿಲ್ಲಲಿಲ್ಲ.

ಬರ್ನರಿನ ಸ್ಥಿತಿ ಕಣ್ಣಿಗೇ ಕಾಣುತ್ತದೆ. 10 ಸೆಂ.ಮೀ. ಉದ್ದದ ಸೀಳಿನ ಮೇಲೆ ನೀಲಿ ಜ್ವಾಲೆ ಗೋಡೆ ಕಟ್ಟಿದಂತೆ ಒಂದೇ ಸಮ ನಿಂತಿರಬೇಕು. ನಡುವೆ ಹಲ್ಲು ಬಿದ್ದ ಹಣಿಗೆಯಂತೆ ಸಂದು ಕಂಡರೆ ಅಲ್ಲಿ ಉಪ್ಪು ಕಟ್ಟಿದೆ. ಜ್ವಾಲೆ ಆರಿಸಿ, ಬರ್ನರ್ ಪೂರ್ತಿ ಆರಲು ಬಿಟ್ಟು, ಸೀಳಿನಲ್ಲಿ ದಪ್ಪ ಕಾಗದದ ಅಂಚು ಆಡಿಸಿ, ಆಮೇಲೆ ತೊಳೆಯಿರಿ. ಬ್ಲೇಡ್ ಬೇಡ. ಗೀರು ಬಿದ್ದ ಜಾಗದಲ್ಲೇ ಮತ್ತೆ ಉಪ್ಪು ಕೂರುತ್ತದೆ.

ಗ್ಯಾಸಿನ ವಿಷಯ. ಅಸಿಟಿಲಿನ್ ಸಿಲಿಂಡರಿನೊಳಗೆ ಅಸಿಟೋನಿನಲ್ಲಿ ಕರಗಿಕೊಂಡಿರುತ್ತದೆ. ಗೇಜಿನ ಒತ್ತಡ ಚದರ ಸೆಂ.ಮೀ.ಗೆ 7 ಕೆ.ಜಿ.ಯ ಆಸುಪಾಸಿಗೆ ಇಳಿಯಿತೆಂದರೆ ಅಸಿಟೋನೂ ಜೊತೆಗೆ ಬರತೊಡಗುತ್ತದೆ, ಜ್ವಾಲೆಯ ಬಣ್ಣ ಬದಲಾಗುತ್ತದೆ, ಬೇಸ್‌ಲೈನ್ (ಸೊನ್ನೆಯ ರೀಡಿಂಗ್) ತೇಲುತ್ತದೆ. "ಇನ್ನೂ ಐತಲ್ರಿ ಗ್ಯಾಸ್" ಎಂದು ಕೊನೆಯ ಹನಿ ತನಕ ಓಡಿಸುವ ಉಳಿತಾಯ ಇಲ್ಲಿ ನಡೆಯದು. ಪೈಪ್ ಹಾಕುವವರು ತಾಮ್ರದ ನಳಿಗೆ ಹಾಕಲು ಹೊರಟರೆ ಅಲ್ಲೇ ತಡೆಯಿರಿ; ತಾಮ್ರದ ಜೊತೆ ಅಸಿಟಿಲಿನ್ ಸೇರಿ ಆಗುವ ಅಸಿಟಿಲೈಡ್ ಸಿಡಿಯುವ ವಸ್ತು. ನಮ್ಮ ಕಡೆ ಮಳೆಗಾಲದಲ್ಲಿ ಇನ್ನೊಂದು ಕಾಟ ಇದೆ. ಜುಲೈ-ಆಗಸ್ಟಿನ ತೇವಕ್ಕೆ ಕಂಪ್ರೆಸರಿನ ಗಾಳಿಯಲ್ಲಿ ನೀರು ಕೂಡಿ, ಫಿಲ್ಟರ್ ಬಟ್ಟಲು ತುಂಬಿ, ಜ್ವಾಲೆ ಬಿಟ್ಟು ಬಿಟ್ಟು ನಡುಗುತ್ತದೆ. ಬೆಳಿಗ್ಗೆ ಬಂದ ಕೂಡಲೇ ಆ ಬಟ್ಟಲಿನ ನೀರು ಬಿಡುವುದು ನಮ್ಮಲ್ಲಿ ಕಸ ಹೊಡೆದಷ್ಟೇ ಸಹಜ ಕೆಲಸ.

ಅವತ್ತು ನಮ್ಮ ತಾಮ್ರ ಸರಿಯಾಗೇ ಬಂತು. ಅಲ್ಲಿಗೆ ಯಂತ್ರ ಬಚಾವ್.

ಸೀಸ: ಎಲ್ಲ ಮಾದರಿಯಲ್ಲೂ ಒಂದೇ ಅಂಕಿ

"ಬ್ಲ್ಯಾಂಕ್ ಎಷ್ಟ ಬಂತವ್ವಾ?" ಕೇಳಿದೆ.

"ಸೊನ್ನೀರಿ ಸರ."

"ಯಾವ ಬ್ಲ್ಯಾಂಕ್? ಡೈಜೆಷನ್ನಿಂದ ಬಂದದ್ದೋ, ಬಾಟ್ಲಿಯೊಳಗಿನ ಆಸಿಡ್ ನೀರೋ?"

ಡೈಜೆಷನ್ ಅಂದರೆ ಹೂಳನ್ನು ಆಮ್ಲದಲ್ಲಿ ಬೇಯಿಸಿ ಲೋಹ ಕರಗಿಸುವುದು. ಹುಡುಗಿ ಸುಮ್ಮನಾದಳು. ಆಸಿಡ್ ನೀರಿಟ್ಟು ಸೊನ್ನೆ ಮಾಡಿಕೊಂಡಿದ್ದಳು. ಮಾದರಿ ಇಲ್ಲದೆ, ಆದರೆ ಅದೇ ಆಮ್ಲ, ಅದೇ ಬೀಕರ್, ಅದೇ ಹಾಟ್‌ಪ್ಲೇಟ್, ಅದೇ ಫಿಲ್ಟರ್ ಪೇಪರ್ ದಾಟಿ ಬಂದ ಬ್ಲ್ಯಾಂಕ್ ಬ್ಯಾಚಿಗೆ ಎರಡಾದರೂ ಬೇಕು. ಆಮೇಲೆ ಅದನ್ನೂ ಮಾಡಿದೆವು, ಸೀಸ ಅಲ್ಲಿಂದ ಬಂದಿರಲಿಲ್ಲ. ಕಳ್ಳ ಬೇರೆ ಕಡೆ ಇದ್ದ.

ಲೆಕ್ಕ ಹಾಕಿ ನೋಡಿ. ಅರ್ಧ ಗ್ರಾಂ ಹೂಳನ್ನು ಆಮ್ಲದಲ್ಲಿ ಬೇಯಿಸಿ 50 ಮಿ.ಲೀ.ಗೆ ಏರಿಸಿದ್ದಳು. ಅಂದರೆ ಲೀಟರಿಗೆ 1 ಮಿ.ಗ್ರಾಂ ಬಂದರೆ ಕೆ.ಜಿ. ಹೂಳಿಗೆ 100 ಮಿ.ಗ್ರಾಂ. ಭೂರಸಾಯನ ವಿಜ್ಞಾನಿಗಳಾದ ಟರೆಕಿಯನ್ ಮತ್ತು ವೆಡೆಪೋಲ್ 1961ರಲ್ಲಿ ಕೊಟ್ಟ ಸರಾಸರಿ ಶೇಲ್ ಕಲ್ಲಿನ (ಜೇಡಿ ಗಟ್ಟಿಯಾಗಿ ಆದ ಕಲ್ಲು) ಪಟ್ಟಿಯಲ್ಲಿ ಸೀಸ ಕೆ.ಜಿ.ಗೆ 20 ಮಿ.ಗ್ರಾಂ. ಹೂಳಿನ ಕೆಲಸ ಮಾಡುವವರು ಇವತ್ತಿಗೂ ಹೋಲಿಕೆಗೆ ಹಿಡಿಯುವ ಪಟ್ಟಿ ಅದು. ಅಷ್ಟು ಸೀಸವಿದ್ದರೆ ನಮ್ಮ ದ್ರಾವಣದಲ್ಲಿ ಲೀಟರಿಗೆ 0.2 ಮಿ.ಗ್ರಾಂ. ನಮ್ಮ ಯಂತ್ರ 283.3 ನ್ಯಾನೊಮೀಟರ್‌ನಲ್ಲಿ 1 ಮಿ.ಗ್ರಾಂ/ಲೀ. ಸೀಸಕ್ಕೆ ಕೊಡುವುದು ಸುಮಾರು 0.01 ಅಬ್ಸಾರ್ಬೆನ್ಸ್. ಹಾಗಾದರೆ 0.2ಕ್ಕೆ 0.002. ಇದು ಜ್ವಾಲೆಯ ನಡುಕದ ಮಟ್ಟ. ಇಂಥ ಜಾಗದಲ್ಲಿ ಎಲ್ಲಿಂದಲಾದರೂ 0.015 ಅಬ್ಸಾರ್ಬೆನ್ಸ್ ಸುಳ್ಳಾಗಿ ಬಂದು ಕೂತರೆ ಕೆರೆಯಲ್ಲಿ 150 ಮಿ.ಗ್ರಾಂ ಸೀಸ "ಸಿಗುತ್ತದೆ".

ಎಲ್ಲಿಂದ ಬಂತು ಅದು? ಸೀಸದ ಲ್ಯಾಂಪಿನ ಬೆಳಕನ್ನು ಸೀಸದ ಪರಮಾಣು ಮಾತ್ರ ಹೀರುತ್ತದೆ ಎಂದು ಪಾಠದಲ್ಲಿ ಓದಿರುತ್ತೇವೆ. ಅಲನ್ ವಾಲ್ಶ್ 1955ರಲ್ಲಿ ಈ ವಿಧಾನ ಮುಂದಿಟ್ಟಾಗಿನ ಮೂಲ ಸೊಬಗೂ ಅದೇ. ಆದರೆ ಬೆಳಕನ್ನು ತಡೆಯಲು ಪರಮಾಣುವೇ ಬೇಕೆಂದೇನಿಲ್ಲ. ಜ್ವಾಲೆಯಲ್ಲಿ ಪೂರ್ತಿ ಒಡೆಯದ ಕ್ಯಾಲ್ಸಿಯಂ ಅಣುಗಳು, ಉಪ್ಪಿನ ಕಣಗಳು ಅಡ್ಡ ನಿಂತರೂ ಡಿಟೆಕ್ಟರಿಗೆ ಬರುವ ಬೆಳಕು ಕಡಿಮೆಯಾಗುತ್ತದೆ, ಯಂತ್ರ ಅದನ್ನೂ ಸೀಸದ ಖಾತೆಗೇ ಜಮಾ ಮಾಡುತ್ತದೆ. ನಮ್ಮ ಎರಿಭೂಮಿಯಲ್ಲಿ ಸುಣ್ಣದ ಹರಳು ಎಷ್ಟಿದೆಯೆಂದು ನೇಗಿಲು ಹಿಡಿದವರಿಗೆ ಗೊತ್ತು. ನವಲಗುಂದ, ಗದಗ ಕಡೆಯ ಕೆರೆ ಹೂಳಿಗೆ ಆಮ್ಲ ಹಾಕಿದಾಗ ಬುಸ್ಸೆಂದು ನೊರೆ ಉಕ್ಕುತ್ತದಲ್ಲ, ಆ ಸುಣ್ಣವೆಲ್ಲ ದ್ರಾವಣದೊಳಗೇ ಉಳಿದು ಜ್ವಾಲೆಗೆ ಬರುತ್ತದೆ.

ಇದಕ್ಕೆಂದೇ ಡ್ಯುಟೀರಿಯಂ ಲ್ಯಾಂಪ್ ಇರುವುದು. ಹಿನ್ನೆಲೆಯ ಹೀರಿಕೆಯನ್ನು ಬೇರೆಯಾಗಿ ಅಳೆದು ಕಳೆಯುತ್ತದೆ. ಸಾಫ್ಟ್‌ವೇರ್ ತೆಗೆದು ಅವಳ ಸೀಸದ ಮೆಥಡ್ ನೋಡಿದೆ: ಬ್ಯಾಕ್‌ಗ್ರೌಂಡ್ ಕರೆಕ್ಷನ್ ಎದುರಿನ ಡಬ್ಬಿ ಖಾಲಿ. ಅದಕ್ಕೂ ಒಂದು ಕಥೆ. ಹಿಂದೆ ಯಾರೋ 422.7ರಲ್ಲಿ ಕ್ಯಾಲ್ಸಿಯಂ ಓಡಿಸಿದ್ದರು. ಅಷ್ಟು ಮೇಲಿನ ತರಂಗಾಂತರದಲ್ಲಿ ಡ್ಯುಟೀರಿಯಂ ಬೆಳಕು ಕೆಲಸಕ್ಕೆ ಬಾರದಷ್ಟು ಕ್ಷೀಣ, ಹಾಗಾಗಿ ಟಿಕ್ ತೆಗೆದಿದ್ದರು, ಸರಿಯಾಗೇ ಮಾಡಿದ್ದರು. ಇವಳು ಅದೇ ಮೆಥಡ್ ಕಾಪಿ ಮಾಡಿ, ಲೋಹದ ಹೆಸರು, ತರಂಗಾಂತರ ಬದಲಿಸಿ, "ಸೀಸ ಹೊಸದು" ಎಂದು ಸೇವ್ ಮಾಡಿಕೊಂಡಿದ್ದಳು.

ಟಿಕ್ ಹಾಕಿ, ಎರಡೂ ಲ್ಯಾಂಪಿನ ಬೆಳಕು ಒಂದೇ ಗೆರೆಯಲ್ಲಿ ಹೋಗುವಂತೆ ಹೊಂದಿಸಿ ಓಡಿಸಿದೆವು. ಒಂದು ಮಾದರಿ 148ರಿಂದ 24ಕ್ಕೆ ಇಳಿಯಿತು. ಕೆಲವು ಪತ್ತೆಯ ಮಿತಿಗಿಂತ ಕೆಳಗೇ ಹೋದವು.

ನಿಮ್ಮಲ್ಲೂ ಇದೇ ಅನುಮಾನ ಬಂದರೆ ಒಂದೇ ಮಾದರಿಯನ್ನು ಕರೆಕ್ಷನ್ ಹಾಕಿ ಒಮ್ಮೆ, ತೆಗೆದು ಒಮ್ಮೆ ಓಡಿಸಿ. ವ್ಯತ್ಯಾಸ ದೊಡ್ಡದಿದ್ದರೆ ಉತ್ತರ ಸಿಕ್ಕಿತು. 'ಸ್ಟ್ಯಾಂಡರ್ಡ್ ಅಡಿಷನ್ ಮಾಡೀನ್ರಿ, ಅದರಾಗೂ ಅಷ್ಟ ಬಂತು' ಎಂದು ವಾದಿಸುವವರಿದ್ದಾರೆ. ಮಾದರಿಗೇ ಗೊತ್ತಿರುವಷ್ಟು ಲೋಹ ಹಂತಹಂತವಾಗಿ ಬೆರೆಸಿ ಗ್ರಾಫ್ ಎಳೆಯುವ ವಿಧಾನ ಅದು. ಬಂದೇ ಬರುತ್ತದೆ. ಮಾದರಿಯ ಮಿಕ್ಕ ಸರಕಿನಿಂದ ಗ್ರಾಫಿನ ಓರೆ ಬದಲಾಗಿದ್ದರೆ ಆ ವಿಧಾನ ಸರಿಪಡಿಸುತ್ತದೆ. ಹಿನ್ನೆಲೆ ಹೀರಿಕೆಯಾದರೋ ಇಡೀ ಗೆರೆಯನ್ನೇ ಮೇಲಕ್ಕೆತ್ತಿ ಕೂರಿಸುತ್ತದೆ, ಸ್ಟ್ಯಾಂಡರ್ಡ್ ಅಡಿಷನ್ನಿಗೆ ಅದು ಕಾಣುವುದೇ ಇಲ್ಲ.

ಇನ್ನೊಂದು ಮಾತು. ಅವಳ ಸೀಸದ ಸ್ಟ್ಯಾಂಡರ್ಡ್‌ಗಳು 2, 5, 10 ಮಿ.ಗ್ರಾಂ/ಲೀ. ಆರ್ ಸ್ಕ್ವೇರ್ (ಸ್ಟ್ಯಾಂಡರ್ಡ್‌ಗಳು ನೇರ ಗೆರೆಗೆ ಎಷ್ಟು ಹೊಂದಿವೆ ಎಂಬ ಅಂಕಿ) 0.9998 ಬಂತೆಂದು ಖುಷಿ. ಮಾದರಿಗಳಿದ್ದದ್ದು 0.2ರ ಹತ್ತಿರ! ದ್ರಾವಣ ಯಾವ ಮಟ್ಟದಲ್ಲಿದೆಯೋ ಆ ಮಟ್ಟದಲ್ಲೂ ಒಂದೆರಡು ಸ್ಟ್ಯಾಂಡರ್ಡ್ ಇರಲಿ. ಸ್ಟ್ಯಾಂಡರ್ಡಿಗೂ ಮಾದರಿಯಷ್ಟೇ ಆಮ್ಲ ಹಾಕಿ, ಇಲ್ಲದಿದ್ದರೆ ನೆಬ್ಯುಲೈಸರ್ ಎಳೆಯುವ ವೇಗವೇ ಬೇರೆಯಾಗುತ್ತದೆ.

ಹಾಗಂತ ಜಾಸ್ತಿ ಬಂದ ಸೀಸವೆಲ್ಲ ಸುಳ್ಳೂ ಅಲ್ಲ. ಗಣಪತಿ ಬಿಡುವ ಮೂಲೆಯ ಹೂಳಿನಲ್ಲಿ ಸೀಸ, ಕ್ರೋಮಿಯಂ ಎರಡೂ ಜೋಡಿಯಾಗಿ ಏರಿ, ಕೆರೆಯ ಉಳಿದ ಕಡೆ ಏರದಿದ್ದರೆ ಹಳದಿ ಬಣ್ಣದ ಲೆಡ್ ಕ್ರೋಮೇಟ್ ನೆನಪಿಗೆ ಬರಬೇಕು. ನಿಜವಾದ ಸೀಸ ಜಾಗದಿಂದ ಜಾಗಕ್ಕೆ ಬದಲಾಗುತ್ತದೆ. ಹನ್ನೆರಡು ಕೆರೆಯಲ್ಲಿ ಒಂದೇ ಅಂಕಿ ತೋರಿಸುವ ಸೀಸದ ಮೇಲೆ ನನಗೆ ಮೊದಲಿಂದಲೂ ನಂಬಿಕೆ ಇರಲಿಲ್ಲ.

ಕ್ಯಾಡ್ಮಿಯಂ: ಅಳೆಯಲು ಬಾರದ್ದನ್ನು ಅಳೆದದ್ದು

ಇದು ಬೇಗ ಮುಗಿಯುವ ವಿಷಯ. ಸರಾಸರಿ ಶೇಲ್‌ನಲ್ಲಿ ಕ್ಯಾಡ್ಮಿಯಂ 0.3 ಮಿ.ಗ್ರಾಂ/ಕೆ.ಜಿ. ನೂರು ಪಟ್ಟು ತೆಳುವಾದ ದ್ರಾವಣದಲ್ಲಿ ಅದು ಲೀಟರಿಗೆ 0.003 ಮಿ.ಗ್ರಾಂ. ಡೈಜೆಷನ್ ಬ್ಲ್ಯಾಂಕನ್ನು ಹತ್ತು ಸಲ ಓದಿಸಿದೆವು, ಸ್ಟ್ಯಾಂಡರ್ಡ್ ಡೀವಿಯೇಷನ್ 0.004 ಬಂತು. ಮೂರರಿಂದ ಗುಣಿಸಿ 0.012, ನೂರರಿಂದ ಗುಣಿಸಿ ಹೂಳಿನ ಲೆಕ್ಕದಲ್ಲಿ 1.2 ಮಿ.ಗ್ರಾಂ/ಕೆ.ಜಿ. ಅದಕ್ಕಿಂತ ಕೆಳಗಿರುವುದನ್ನು ನಮ್ಮ ಜ್ವಾಲೆ ಕಾಣಲಾರದು. 228.8ರಲ್ಲೂ ಕರೆಕ್ಷನ್ ಹಾಕಿದ ಮೇಲೆ ಅವಳ 2-3 ಎಂಬುದು ಮಾಯವಾಗಿ ಎಲ್ಲವೂ ಮಿತಿಯ ಕೆಳಗೆ ಕೂತವು. "1.2ಕ್ಕಿಂತ ಕಡಿಮೆ" ಎಂದು ಬರೆಯಲು ಹೇಳಿದೆ. ಅಂಕಿಯೇ ಬೇಕೆಂದರೆ ಗ್ರಾಫೈಟ್ ಫರ್ನೆಸ್ (ಜ್ವಾಲೆಯ ಬದಲು ಗ್ರಾಫೈಟ್ ನಳಿಗೆಯಲ್ಲಿ ಕಾಯಿಸಿ ತೀರಾ ಕಡಿಮೆ ಲೋಹವನ್ನೂ ಅಳೆಯುವ ಸಾಧನ) ಇರುವ ಕಡೆ ಹೋಗಬೇಕು. ಹೂಳಿನ ತೂಕ ಹೆಚ್ಚಿಸಿ, ಗಾತ್ರ 25 ಮಿ.ಲೀ.ಗೆ ಇಳಿಸಿದರೆ ತುಸು ಅನುಕೂಲ, ಆದರೆ ಸುಣ್ಣವೂ ಅದೇ ಪ್ರಮಾಣದಲ್ಲಿ ಏರುತ್ತದೆ.

ಕ್ರೋಮಿಯಂ: ಹಾಕಿದ್ದೂ ವಾಪಸ್ ಬರಲಿಲ್ಲ

ಹೆಚ್ಚು ಬೆವರಿಳಿಸಿದ್ದು ಇದೇ. ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1880ರ ದಶಕದಲ್ಲಿ ಇಲ್ಲಿನ ಶಿಲಾ ಪಟ್ಟಿಗಳಿಗೆ 'ಧಾರವಾಡ' ಎಂದೇ ಹೆಸರಿಟ್ಟ; ಗದುಗಿನ ಕಪ್ಪತಗುಡ್ಡದ ಕಡೆ ಹೋದರೆ ಕಬ್ಬಿಣ ತುಂಬಿದ ಕಲ್ಲು ಕಾಲಿಗೇ ತಾಗುತ್ತದೆ. ಈ ಕಲ್ಲು ಸವೆದು ಆದ ಮಸಾರಿ ಮಣ್ಣು ಮಳೆಗೆ ಕೊಚ್ಚಿ ಕೆರೆ ಸೇರುತ್ತದೆ. ಅಂದರೆ ಹೂಳಿನ ಕ್ರೋಮಿಯಂ, ನಿಕ್ಕಲ್‌ಗೆ ಕಾರ್ಖಾನೆಯೇ ಬೇಕೆಂದಿಲ್ಲ, ಬೆಟ್ಟವೇ ಸಾಕು. ಜೊತೆಗೆ ಬರುವ ಕಬ್ಬಿಣ ಅಳತೆಯನ್ನು ಕೆಡಿಸುತ್ತದೆ. ಸರಾಸರಿ ಶೇಲ್‌ನ ಲೆಕ್ಕ ಹಿಡಿದರೂ ಕಬ್ಬಿಣ ಶೇ 4.7, ಅರ್ಧ ಗ್ರಾಂನಿಂದ 50 ಮಿ.ಲೀ.ಗೆ ಬಂದಾಗ ಲೀಟರಿಗೆ 470 ಮಿ.ಗ್ರಾಂ. ಅದೇ ದ್ರಾವಣದಲ್ಲಿ ಕ್ರೋಮಿಯಂ 0.9. ಐನೂರು ಪಟ್ಟು ಕಬ್ಬಿಣದ ಗದ್ದಲದಲ್ಲಿ ಒಂದು ಪಾಲು ಕ್ರೋಮಿಯಂ. ಸುಮಾರು 2300 ಡಿಗ್ರಿ ಸೆಲ್ಸಿಯಸ್‌ನ ಗಾಳಿ-ಅಸಿಟಿಲಿನ್ ಜ್ವಾಲೆಯಲ್ಲಿ ಕಬ್ಬಿಣ ಕ್ರೋಮಿಯಂನ ಸಂಕೇತವನ್ನು ಅದುಮುತ್ತದೆ.

ಇದನ್ನು ಖಚಿತ ಮಾಡಿಕೊಳ್ಳಲು ಸ್ಪೈಕನ್ನು ಎರಡು ಕಡೆ ಹಾಕಿ. ಒಂದು, ಆಮ್ಲ ಹಾಕುವ ಮೊದಲೇ ಹೂಳಿನ ಮೇಲೆ. ಎರಡು, ಬೇಯಿಸಿ ಸೋಸಿದ ದ್ರಾವಣಕ್ಕೆ. ಎರಡನೆಯದೇ ಕಡಿಮೆ ಬಂದರೆ ದೋಷ ಜ್ವಾಲೆಯಲ್ಲಿದೆ. ಎರಡನೆಯದು ಸರಿ ಇದ್ದು ಮೊದಲನೆಯದು ಮಾತ್ರ ಕಡಿಮೆ ಬಂದರೆ ಡೈಜೆಷನ್ನಿನಲ್ಲಿ ಚೆಲ್ಲಿದೆ, ಉಕ್ಕಿದೆ, ಇಲ್ಲವೇ ಬೀಕರ್ ಒಣಗಿ ತಳ ಹಿಡಿದಿದೆ. ನಮ್ಮಲ್ಲಿ ಎರಡೂ 60ರ ಆಸುಪಾಸು. ಕಬ್ಬಿಣದ್ದೇ ಕೆಲಸ.

ಮದ್ದು ಸುಲಭ. ಮಾದರಿ, ಸ್ಟ್ಯಾಂಡರ್ಡ್, ಬ್ಲ್ಯಾಂಕ್ ಮೂರರಲ್ಲೂ ಶೇ 2ರಷ್ಟು ಅಮೋನಿಯಂ ಕ್ಲೋರೈಡ್ ಇರುವಂತೆ ಮಾಡಿದೆವು. ಅಸಿಟಿಲಿನ್ ಸ್ವಲ್ಪ ಏರಿಸಿ, ಜ್ವಾಲೆಯಲ್ಲಿ ಹಳದಿ ಹೊಳಪು ಕಾಣುವವರೆಗೆ ತಂದು, ಕ್ರೋಮಿಯಂ ಸ್ಟ್ಯಾಂಡರ್ಡ್ ಎಳೆಸುತ್ತಲೇ ಬರ್ನರ್ ಎತ್ತರ ಹೊಂದಿಸಿದೆವು. ತಾಮ್ರಕ್ಕೆ ಹೊಂದಿಸಿದ ನೀಲಿ ಜ್ವಾಲೆಯಲ್ಲೇ ಕ್ರೋಮಿಯಂ ಓಡಿಸಿದ್ದು ಅವಳ ಇನ್ನೊಂದು ತಪ್ಪಾಗಿತ್ತು. ವಾಪಸಾತಿ 94ಕ್ಕೆ ಬಂತು. ಹುಡುಗಿ ಆ ಸಂಜೆ ಎಲ್ಲರಿಗೂ ಗಿರ್ಮಿಟ್ ತರಿಸಿದಳು.

ಆದರೆ ಗಿರ್ಮಿಟ್ ತಿನ್ನುತ್ತಲೇ ಒಂದು ತಕರಾರು ಎತ್ತಿದೆ. ಸ್ಪೈಕ್ ವಾಪಸ್ ಬಂತೆಂದರೆ ಹೂಳಿನೊಳಗಿನ ಕ್ರೋಮಿಯಂ ಎಲ್ಲ ಬಂತೆಂದು ಅರ್ಥವಲ್ಲ. ನಾವು ಹಾಕುವ ಸ್ಪೈಕ್ ಮೊದಲೇ ಕರಗಿದ ಲೋಹ, ಅದು ಯಾವ ಆಮ್ಲದಲ್ಲೂ ಬರುತ್ತದೆ. ಹೂಳಿನಲ್ಲಿ ಕ್ರೋಮೈಟ್ ಖನಿಜವಿದ್ದರೆ ಆಕ್ವಾ ರೀಜಿಯಾಕ್ಕೆ (ಹೈಡ್ರೋಕ್ಲೋರಿಕ್, ನೈಟ್ರಿಕ್ ಆಮ್ಲಗಳ ಮಿಶ್ರಣ) ಅದು ಜಗ್ಗುವುದಿಲ್ಲ, ಬೀಕರಿನ ತಳದಲ್ಲಿ ಕಪ್ಪು ಮರಳಾಗಿ ಕೂತಿರುತ್ತದೆ. ಡೈಜೆಷನ್ ಎಷ್ಟು ಪೂರ್ತಿಯಾಗಿದೆ ಎಂದು ತಿಳಿಯಲು ಪ್ರಮಾಣಿತ ಹೂಳು ಬೇಕು, ಅಂದರೆ ಲೋಹದ ಪ್ರಮಾಣವನ್ನು ಮೊದಲೇ ಪ್ರಮಾಣೀಕರಿಸಿದ ಪುಡಿ. ಅದರ ಸರ್ಟಿಫಿಕೇಟಿನಲ್ಲಿ ಕೊಟ್ಟದ್ದು ಒಟ್ಟು ಮೊತ್ತವೋ, ಆಮ್ಲಕ್ಕೆ ಬರುವ ಭಾಗವೋ ಎಂದು ಓದಿ ಹೋಲಿಸಿ. ಒಟ್ಟು ಮೊತ್ತವೇ ಬೇಕೆಂದು ಹೈಡ್ರೋಫ್ಲೋರಿಕ್ ಆಮ್ಲ ಹಿಡಿಯುವವರಿಗೆ ನನ್ನ ಮಾತು ಇಷ್ಟೇ: ಟೆಫ್ಲಾನ್ ಪಾತ್ರೆ, ಅದಕ್ಕೆಂದೇ ಇರುವ ಹುಡ್, ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಮತ್ತು ತರಬೇತಿ ಪಡೆದವರು ಪಕ್ಕದಲ್ಲಿ ಇಲ್ಲದಿದ್ದರೆ ಆ ಬಾಟಲಿಯ ಮುಚ್ಚಳ ತೆರೆಯಬೇಡಿ.

ಸತು, ಮತ್ತು ಕೈಗೆ ಅಂಟಿಕೊಂಡು ಬರುವುದು

ಅವಳ ಸತು ಸರಿ ಇತ್ತು. ಆದರೆ ಎಲ್ಲ ಕಡೆಯಿಂದ ನುಸುಳುವ ಲೋಹ ಇದು. ಹಿಂದಿನ ವರ್ಷ ಒಬ್ಬ ಹುಡುಗನ ಮಾದರಿಗಳಲ್ಲಿ ಸತು ಆಕಾಶಕ್ಕೆ ಏರಿತ್ತು. ವಿಚಾರಿಸಿದರೆ, ಹಾವೇರಿ ಕಡೆಯಿಂದ ತಂದ ಹೂಳನ್ನು ತಗಡಿನ ಬಕೆಟ್‌ನಲ್ಲಿ ಹೊತ್ತು ತಂದು, ಹಳೇ ತಗಡಿನ ಶೀಟಿನ ಮೇಲೇ ಹರಡಿ ಒಣಗಿಸಿದ್ದ. ತಗಡಿನ ಮೇಲಿನ ಲೇಪವೇ ಸತು! ಹಿತ್ತಾಳೆ ಜರಡಿಯಿಂದ ತಾಮ್ರ, ಸತು ಎರಡೂ ಬರುತ್ತವೆ, ನೈಲಾನ್ ಜರಡಿ ಹಿಡಿಯಿರಿ. ರಬ್ಬರ್ ಕೈಗವಸಿನಿಂದಲೂ ಬರುತ್ತದೆ. ಗಾಜಿನ ಸಾಮಾನು ಶೇ 10ರ ನೈಟ್ರಿಕ್ ಆಮ್ಲದಲ್ಲಿ ರಾತ್ರಿಯಿಡೀ ನೆನೆಯಲಿ, ಕೊನೆಯ ತೊಳೆತ ಬೋರ್ ನೀರಿನಲ್ಲಿ ಮಾಡಬೇಡಿ.

213.9ರಲ್ಲಿ ಸತುವಿನ ಗ್ರಾಫ್ ಲೀಟರಿಗೆ 1 ಮಿ.ಗ್ರಾಂ ದಾಟಿದ ಮೇಲೆ ಬಾಗತೊಡಗುತ್ತದೆ. ಸಾಧಾರಣ ಹೂಳೇ ಆ ಗಡಿಯಲ್ಲಿರುವುದರಿಂದ ಐದು ಪಟ್ಟು ತೆಳು ಮಾಡಿ ಓಡಿಸಿ. ಕಬ್ಬಿಣದ ಒಂದು ಗೆರೆಯೂ ಅಲ್ಲೇ ಪಕ್ಕದಲ್ಲಿದೆ, ಅದನ್ನು ಡ್ಯುಟೀರಿಯಂ ಕಳೆಯಲಾರದು. ಸತು ತೀರಾ ಕಡಿಮೆ, ಕಬ್ಬಿಣ ವಿಪರೀತ ಇದ್ದಾಗ ಮಾತ್ರ ಅದರ ಚಿಂತೆ.

ಇನ್ನು ಲೆಕ್ಕ. ದ್ರಾವಣದ ರೀಡಿಂಗಿನಿಂದ ಬ್ಲ್ಯಾಂಕ್ ಕಳೆದು, ಮಿ.ಲೀ.ನಿಂದ ಗುಣಿಸಿ, ತೆಳು ಮಾಡಿದ ಪಟ್ಟಿನಿಂದ ಗುಣಿಸಿ, ಒಣ ಹೂಳಿನ ಗ್ರಾಂನಿಂದ ಭಾಗಿಸಿ. 0.46 ಬಂದು, 50 ಮಿ.ಲೀ., 0.5 ಗ್ರಾಂ ಆದರೆ 46 ಮಿ.ಗ್ರಾಂ/ಕೆ.ಜಿ. "ಒಣ" ಎಂಬಲ್ಲಿ ಎಡವುವವರು ಬಹಳ. ಎರಿ ಹೂಳು ಮೇಲೆ ಒಣಗಿದಂತೆ ಕಂಡರೂ ಒಳಗೆ ನೀರು ಹಿಡಿದಿರುತ್ತದೆ. ಬೇರೆ ಒಂದು ಪಾಲನ್ನು 105 ಡಿಗ್ರಿಯಲ್ಲಿ ಒಣಗಿಸಿ ತೇವಾಂಶ ತಿಳಿದುಕೊಂಡು ಲೆಕ್ಕಕ್ಕೆ ಸೇರಿಸಿ.

ಮೂರನೆಯ ದಿನ ಹುಡುಗಿ ಕೇಳಿದಳು, "ಸರ, ಮೊದಲನೇ ಪ್ರಿಂಟ್‌ಔಟ್ ಹರದ ಒಗೀಲ್ರಿ?"

"ಹರೀಬ್ಯಾಡವ್ವಾ. ನೋಟ್‌ಬುಕ್ಕಿನ್ಯಾಗ ಅಂಟಿಸಿ, ಕೆಳಗ ಡ್ಯುಟೀರಿಯಂ ಟಿಕ್ ಇರಲಿಲ್ಲಂತ ಬರದಿಡು."

ಹನ್ನೆರಡರಲ್ಲಿ ಹನ್ನೊಂದು ಮಾದರಿ ಈಗ ಕೂತಿವೆ. ಒಂದರ ಕ್ರೋಮಿಯಂ ಇನ್ನೂ ಹಟ ಹಿಡಿದಿದೆ: ಎರಡು ಪಟ್ಟು ತೆಳು ಮಾಡಿದರೆ ಒಂದು ಅಂಕಿ, ಐದು ಪಟ್ಟಿಗೆ ಇನ್ನೊಂದು. ಕಬ್ಬಿಣ ಅದರಲ್ಲಿ ಉಳಿದವಕ್ಕಿಂತ ಎರಡರಷ್ಟಿದೆ, ಅಮೋನಿಯಂ ಕ್ಲೋರೈಡ್ ಸಾಲುತ್ತಿಲ್ಲ. ನೈಟ್ರಸ್ ಆಕ್ಸೈಡ್ ಜ್ವಾಲೆಯ ಬಿಸಿಗೆ ಹಾಕಿ ನೋಡಬೇಕು. 5 ಸೆಂ.ಮೀ. ಬರ್ನರ್ ಬೀರುವಿನಲ್ಲಿದೆ, ಸಿಲಿಂಡರ್ ಇನ್ನೂ ಬಂದಿಲ್ಲ. ಬರುವ ತನಕ 10 ಸೆಂ.ಮೀ. ಬರ್ನರನ್ನು ಯಾರೂ ಆ ಕಡೆ ಒಯ್ಯದಂತೆ ಚೀಟಿ ಅಂಟಿಸಿದ್ದೇನೆ. ನೈಟ್ರಸ್ ಆಕ್ಸೈಡಿಗೆ ಅದನ್ನು ಹಾಕಿದರೆ ಜ್ವಾಲೆ ಒಳಕ್ಕೆ ನುಗ್ಗಿ ಸ್ಪ್ರೇ ಚೇಂಬರ್ ಸಿಡಿಯುತ್ತದೆ.